ಅವನ ಹಸಿರು ಯಾವುದು?

ಮುಂಬೈನ ಮಾಟುಂಗದ ಓದುಗರೊಬ್ಬರ ಪತ್ರ: "ಐದು ವರ್ಷದ ನನ್ನ ಮಗ 'ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಹೋಗು' ಅಂತ ಶಾಲೆಯಲ್ಲಿ ಕಲಿತಿದ್ದಾನೆ. ಕಳೆದ ವಾರ ದಾದರಿನಲ್ಲಿ ಹಸಿರು ಕಂಡ ಕೂಡಲೇ ಕೈ ಕೊಸರಿಕೊಂಡು ರಸ್ತೆಗೆ ಇಳಿದುಬಿಟ್ಟ. ಟ್ಯಾಕ್ಸಿಯವನು ಬ್ರೇಕ್ ಹಾಕಿದ್ದರಿಂದ ಉಳಿದ. ಹೇಗೆ ಕಲಿಸಲಿ? ಸ್ಕೂಟರಿನಲ್ಲಿ ಅವನಿಗೂ ಹೆಲ್ಮೆಟ್ ಬೇಕೇ?"

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಪತ್ರ ಓದಿ ಎದೆ ಧಸಕ್ಕೆಂದಿತು. ಮಗನನ್ನು ಮಾತ್ರ ಬೈಯಬೇಡಿ. ಅವನು ಕಲಿತದ್ದನ್ನೇ ಮಾಡಿದ್ದಾನೆ. ಅವನು ನೋಡಿದ್ದು ಗಾಡಿಗಳ ಹಸಿರು. ಆಗ ಅದೇ ರಸ್ತೆಯನ್ನು ನಡೆದು ದಾಟುವವರಿಗೆ ಕೆಂಪು. ನಾವು ಮಕ್ಕಳಿಂದ ಮೂರು ಬಣ್ಣದ ಕಂಬ ಬರೆಸುತ್ತೇವೆ, ಪದ್ಯ ಹೇಳಿಸುತ್ತೇವೆ. ಆ ಕಂಬ ಯಾರಿಗಾಗಿ ಇದೆ ಅಂತ ಹೇಳುವುದೇ ಇಲ್ಲ, ಅಲ್ವಾ?

2020ರಲ್ಲಿ ದಾದರಿನ ಪಾದಚಾರಿ ಸಿಗ್ನಲ್‌ಗಳಲ್ಲಿ, ಅಂದರೆ ನಡೆದು ದಾಟುವವರಿಗೆಂದೇ ಇರುವ ದೀಪಗಳಲ್ಲಿ, ಲಂಗ ತೊಟ್ಟ ಹೆಣ್ಣಿನ ಚಿತ್ರ ಬಂತು. ನನ್ನ ಮೊಮ್ಮಗಳಿಗೆ ನಾನು ಕಲಿಸಿದ್ದು ಅದನ್ನು ತೋರಿಸಿಯೇ. ಒಂದು ಭಾನುವಾರ ಶಿವಾಜಿ ಪಾರ್ಕ್ ಹತ್ತಿರ ಹೋಗಿ, ರಸ್ತೆ ದಾಟದೆ, ಫುಟ್‌ಪಾತಿನಲ್ಲೇ ಸುಮ್ನೆ ನಿಂತೆವು. ದೀಪದ ಬಣ್ಣ ಬದಲಾದಾಗ ಯಾರು ನಿಲ್ಲಬೇಕು, ಯಾರು ಹೋಗಬೇಕು ಅಂತ ಮೂರು ಸಲ ನಾನು ಹೇಳಿದೆ. ನಾಲ್ಕನೇ ಸಲ ಅವಳೇ ಕೂಗಿದಳು: "ಅಜ್ಜಾ, ಅಕ್ಕ ಕೆಂಪಾದ್ಳು, ಈಗ ಗಾಡಿ ಹೊರಡ್ತವೆ!" ಹಸಿರು ಮಿನುಗತೊಡಗಿದಾಗ ಮಾತ್ರ ತಬ್ಬಿಬ್ಬಾದಳು. ಅರ್ಧ ದಾಟಿದವರು ಬೇಗ ಆಚೆ ಸೇರಬೇಕು, ಇಲ್ಲಿ ನಿಂತವರು ಇಳಿಯಲೇಬಾರದು ಅಂತ ಬಿಡಿಸಿ ಹೇಳಬೇಕಾಯಿತು.

ತನ್ನ ಹಸಿರು ಬಂದರೂ ನೋಡದೆ ಇಳಿಯಬಾರದು. ಎಡಕ್ಕೆ ತಿರುಗುವ ಬೈಕುಗಳು ನುಗ್ಗುತ್ತವೆ. ನಮ್ಮಲ್ಲಿ ಗಾಡಿಗಳು ಎಡಬದಿಯಲ್ಲಿ ಓಡುವುದರಿಂದ ಫುಟ್‌ಪಾತ್ ಇಳಿದವರಿಗೆ ಮೊದಲು ಎದುರಾಗುವುದು ಬಲಗಡೆಯ ಗಾಡಿ. ಅದಕ್ಕೇ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುವುದು.

ಒಮ್ಮೆ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ನಿಲ್ಲಿಸಿದ ಕಾರಿನ ಬಾನೆಟ್ ಬಿಟ್ಟರೆ ಏನೂ ಕಾಣುವುದಿಲ್ಲ. ಆಚೆಯಿಂದ ಬರುವ ಡ್ರೈವರಿಗೂ ಅವನು ಕಾಣುವುದಿಲ್ಲ. ಗಾಡಿ ಎಷ್ಟು ವೇಗವಾಗಿ ಬರುತ್ತಿದೆ ಎಂದು ಅಂದಾಜು ಮಾಡುವುದೂ ಈ ವಯಸ್ಸಿನಲ್ಲಿ ಆಗದ ಮಾತು. ಹಾಗಾಗಿ ಎಷ್ಟೇ ಚೆನ್ನಾಗಿ ಕಲಿತರೂ ಅವನ ಕೈ ಬಿಡಬೇಡಿ. ಬೆರಳು ಜಾರುತ್ತದೆ, ಮಣಿಕಟ್ಟು ಹಿಡಿಯಿರಿ.

ಸ್ಕೂಟರಿನಲ್ಲಿ ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಶಾಲೆ ಪಕ್ಕದ ಗಲ್ಲಿಯಲ್ಲೇ ಇದ್ದರೂ ಹಾಕಿಸಿ. ಅವನ ಅಳತೆಯದ್ದೇ ಇರಲಿ.

ಇನ್ನೊಂದು ವಿಷಯ. ಲೋಕಲ್ ರೈಲು ತಪ್ಪುತ್ತದೆ ಅಂತ ನಾವೇ ಕೆಂಪಿನಲ್ಲಿ ಓಡುತ್ತೇವಲ್ಲ, ಆಗ ಅವನು ಪಕ್ಕದಲ್ಲೇ ಇರುತ್ತಾನೆ. ಮುಂದಿನ ರೈಲು ನಾಲ್ಕು ನಿಮಿಷಕ್ಕೆ ಬರುತ್ತದೆ. ದಯವಿಟ್ಟು ಅವನ ಜೊತೆ ನಿಲ್ಲಿ.