ಮೂರನೆಯ ನೀಟ್ ಆದ ಮೇಲೆ: ವೈದ್ಯೆಯಾಗುವ ಕನಸು ಬಿಟ್ಟು ನರ್ಸಿಂಗ್ ಆರಿಸಿಕೊಂಡ ಯುವತಿಯ ಪ್ರಕರಣ

ಈ ಪ್ರಕರಣದ ಯುವತಿಯನ್ನು ವಿನುತಾ ಎಂದು ಕರೆದಿದ್ದೇನೆ. ಅದು ಆಕೆಯ ನಿಜವಾದ ಹೆಸರಲ್ಲ. ಮನೆಯ ಸಂಗತಿಗಳನ್ನೂ ಗುರುತು ಸಿಗದಷ್ಟು ಬದಲಾಯಿಸಿ, ಆಕೆಯ ಮತ್ತು ಆಕೆಯ ತಂದೆತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರದಲ್ಲಿ ದಾವಣಗೆರೆಯ ರಸ್ತೆಗಳ ತುಂಬ ಸೀಟು ಗಿಟ್ಟಿಸಿದವರ ಫೋಟೊಗಳಿರುವ ಫ್ಲೆಕ್ಸ್‌ಗಳು ಏಳುತ್ತವೆ. ಅದೇ ವಾರದಲ್ಲಿ, ಫ್ಲೆಕ್ಸ್‌ನಲ್ಲಿ ಜಾಗ ಸಿಗದ ಮಕ್ಕಳಿರುವ ಮನೆಗಳಲ್ಲಿ ನಡೆಯುವ ಮಾತುಕತೆಗೆ ಈ ಬರಹದಿಂದ ಸ್ವಲ್ಪವಾದರೂ ಉಪಯೋಗವಾಗಲಿ ಎಂಬುದು ನನ್ನ ಆಸೆ.

ವಿನುತಾ ಜಗಳೂರು ತಾಲ್ಲೂಕಿನ ಹಳ್ಳಿಯವಳು. ತಂದೆಗೆ ಮಳೆಯನ್ನೇ ನಂಬಿದ ಜಮೀನು. ಮೆಕ್ಕೆಜೋಳ ಮತ್ತು ಈರುಳ್ಳಿ ಬೆಳೆಯುತ್ತಾರೆ. ದ್ವಿತೀಯ ಪಿಯುಸಿ ಮುಗಿದ ವರ್ಷ ಮೊದಲ ಬಾರಿ ನೀಟ್ ಬರೆದು, ಆ ಬಳಿಕ ಎರಡು ವರ್ಷ ದಾವಣಗೆರೆಯ ಪಿ.ಜಿ.ಯೊಂದರಲ್ಲಿ ಉಳಿದು ಲಾಂಗ್ ಟರ್ಮ್ ಕೋಚಿಂಗ್ ಪಡೆದಿದ್ದಳು. 720 ಅಂಕಗಳಿಗೆ ಮೊದಲ ಬಾರಿ 296, ಎರಡನೆಯ ಬಾರಿ 431, ಮೂರನೆಯ ಬಾರಿ 418 ಬಂದಿತ್ತು. ಸರ್ಕಾರಿ ಸೀಟಿಗೆ ಇದು ಸಾಲುತ್ತಿರಲಿಲ್ಲ, ಖಾಸಗಿ ಸೀಟಿನ ಮಾತು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಅಂಕ ಕಡಿಮೆ ಬಂದದ್ದಕ್ಕಿಂತ, ಮತ್ತೊಂದು ವರ್ಷ ಓದಿದರೂ ಅಂಕ ಹಿಂದಕ್ಕೆ ಸರಿದದ್ದು ಆಕೆಯನ್ನು ಹೆಚ್ಚು ಕುಗ್ಗಿಸಿತ್ತು.

ಸಲಹೆಗಾರ್ತಿಯಾದ ನನ್ನ ಬಳಿಗೆ ಆಕೆಯನ್ನು ಕರೆದುಕೊಂಡು ಬಂದವರು ತಾಯಿ. ಮಗಳು ಸರಿಯಾಗಿ ಉಣ್ಣುವುದಿಲ್ಲ, ಯಾರ ಮನೆಯ ಮದುವೆಗೂ ಬರುವುದಿಲ್ಲ, ಫೋನ್ ಬಂದರೆ ಎತ್ತುವುದಿಲ್ಲ ಎಂದು ಅವರು ಹೇಳಿದರು. ತಂದೆ ಇನ್ನೊಂದು ವರ್ಷ ಬರೆಯಲಿ ಎನ್ನುತ್ತಿದ್ದರು. ಸೋದರಮಾವ ಸುಮ್ಮನೆ ನರ್ಸಿಂಗ್ ಸೇರಿಸಿ ಎನ್ನುತ್ತಿದ್ದರು. ವಿನುತಾ ಮಾತ್ರ, "ಮೇಡಂ, ನನಗೆ ಹೂಂ ಅನ್ನೋಕೂ ಆಗ್ತಿಲ್ಲ, ಉಹೂಂ ಅನ್ನೋಕೂ ಆಗ್ತಿಲ್ಲ" ಎಂದಳು.

ತಾಯಿಯನ್ನು ಹೊರಗೆ ಕೂರಿಸಿ ಮೊದಲು ಕೇಳಿದ್ದು ಬದುಕಿನ ಬಗ್ಗೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಅನೇಕರಿಗಿದೆ. ಅದು ತಪ್ಪು, ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ಫಲಿತಾಂಶದ ವಾರ 'ಬೆಳಿಗ್ಗೆ ಏಳದಿದ್ದರೆ ಸಾಕು' ಅನಿಸಿತ್ತು, ಏನನ್ನೂ ಮಾಡಿಕೊಳ್ಳುವ ಯೋಜನೆ ಇರಲಿಲ್ಲ ಎಂದು ಆಕೆ ಹೇಳಿದಳು. ಆಕೆಯ ಅನುಮತಿ ಪಡೆದು ತಾಯಿಗೆ ವಿಷಯ ತಿಳಿಸಿದೆ. ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416ನ್ನು ಇಬ್ಬರ ಫೋನಿನಲ್ಲಿಯೂ ಉಳಿಸಲು ಹೇಳಿದೆ. ನಿದ್ದೆ, ಊಟ ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕೆಂದೂ ತಿಳಿಸಿದೆ. ಅದರ ಅಗತ್ಯ ಮುಂದೆ ಬೀಳಲಿಲ್ಲ.

ಅಂದು ಆಕೆ ಒಂದು ಉದ್ದನೆಯ ನೋಟ್‌ಬುಕ್ ತಂದಿದ್ದಳು. ಎರಡು ವರ್ಷದ ಎಲ್ಲ ಮಾದರಿ ಪರೀಕ್ಷೆಗಳ ಅಂಕಗಳನ್ನು ಅದರಲ್ಲಿ ಗೆರೆ ಹಾಕಿ ಬರೆದಿದ್ದಳು: ಭೌತಶಾಸ್ತ್ರ ನೀಲಿ, ರಸಾಯನಶಾಸ್ತ್ರ ಕಪ್ಪು, ಜೀವಶಾಸ್ತ್ರ ಹಸಿರು. ಪ್ರತಿ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ತಪ್ಪು 31, ಬಿಡಬೇಕಿತ್ತು', 'ತಪ್ಪು 27, ಬಿಡಬೇಕಿತ್ತು' ಎಂದಿತ್ತು. ಒಂದು ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ಪರೀಕ್ಷೆ ಅದು. 360ಕ್ಕೆ ಬರೆಯುವ ಜೀವಶಾಸ್ತ್ರದಲ್ಲಿ ಆಕೆ 280ಕ್ಕಿಂತ ಕೆಳಗೆ ಇಳಿದದ್ದು ವಿರಳ. 180ಕ್ಕೆ ಬರೆಯುವ ಭೌತಶಾಸ್ತ್ರದಲ್ಲಿ 60 ದಾಟಿದ್ದು ಇನ್ನೂ ವಿರಳ. ಎರಡು ವರ್ಷದಲ್ಲಿ ಆ ನೀಲಿ ಸಂಖ್ಯೆ ಇದ್ದಲ್ಲಿಯೇ ಇತ್ತು. ಶ್ರಮ ಸಾಲದೆ ಹೀಗಾಯಿತು ಎಂದು ಆಕೆ ತನ್ನನ್ನು ಹಳಿದುಕೊಳ್ಳುತ್ತಿದ್ದಳು. ಆ ನೋಟ್‌ಬುಕ್ ನೋಡಿದ ಯಾರಿಗೂ ಹಾಗನಿಸಲಾರದು, ಮತ್ತು ಅದನ್ನು ಆಕೆಗೆ ಪುಟ ತಿರುಗಿಸುತ್ತ ತೋರಿಸಿ ಹೇಳಿದೆ.

ಇನ್ನೊಂದು ವಿಷಯವನ್ನೂ ಅಂದೇ ಮುಂದಿಟ್ಟೆ. ನೀಟ್ ಬರೆಯಲು ಈಗ ಗರಿಷ್ಠ ವಯೋಮಿತಿ ಇಲ್ಲ. ಅದನ್ನು 2022ರಲ್ಲಿ ತೆಗೆದುಹಾಕಲಾಯಿತು. ಇಷ್ಟೇ ಬಾರಿ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಇದರಿಂದ ಕೆಲವರಿಗೆ ಅನುಕೂಲವಾಗಿರುವುದು ನಿಜ. ಆದರೆ 'ಇನ್ನು ಸಾಕು' ಎಂದು ಹೇಳುವ ಕೆಲಸವನ್ನು ಯಾವ ನಿಯಮವೂ ಮಾಡುವುದಿಲ್ಲವಾದ್ದರಿಂದ, ಅದನ್ನು ಅಭ್ಯರ್ಥಿಯೇ ಹೇಳಿಕೊಳ್ಳಬೇಕಾಗುತ್ತದೆ. ಇಪ್ಪತ್ತು ವರ್ಷದವರಿಗೆ ಇದು ಬಹಳ ದೊಡ್ಡ ಹೊರೆ. ಅದನ್ನು ಹೊರಲು ಆಗದವರು ಮತ್ತೊಂದು ವರ್ಷಕ್ಕೆ ಶುಲ್ಕ ಕಟ್ಟಿಬಿಡುತ್ತಾರೆ. ಓದುವ ಆಸೆಗಿಂತ, ನಿರ್ಧಾರವನ್ನು ಒಂದು ವರ್ಷ ಮುಂದೂಡಿದ ನೆಮ್ಮದಿಯೇ ಅವರಿಗೆ ಆ ಹೊತ್ತಿಗೆ ಸಿಗುವುದು.

ಮುಂದಿನ ಭೇಟಿಯಲ್ಲಿ ಈ ಕನಸು ಎಲ್ಲಿ ಶುರುವಾಯಿತು ಎಂದು ಕೇಳಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲಿಗಳಾದಾಗ ಊರಿನ ಸನ್ಮಾನದ ವೇದಿಕೆಯಲ್ಲಿ ಹಿರಿಯರೊಬ್ಬರು "ನಮ್ಮೂರಿಗೆ ಒಬ್ಬ ಡಾಕ್ಟ್ರು ಸಿಕ್ಕಿದ್ಲು" ಎಂದಿದ್ದರಂತೆ. ಡಾಕ್ಟರಾಗುತ್ತೇನೆ ಎಂದು ತಾನಾಗಿ ಯಾವಾಗ ಹೇಳಿದಳೋ ಆಕೆಗೆ ನೆನಪಿರಲಿಲ್ಲ. ಇಂಥಲ್ಲಿ 'ಅದು ನಿನ್ನ ಕನಸೇ ಅಲ್ಲ' ಎಂದು ತೀರ್ಪು ಕೊಡುವುದು ಸುಲಭ. ನಾನು ಕೊಡಲಿಲ್ಲ. ಬೇರೆಯವರು ಹೊರಿಸಿದ ಆಸೆಯೂ ನಾಲ್ಕು ವರ್ಷ ಜೊತೆಗಿದ್ದರೆ ಸ್ವಂತದ್ದಾಗುತ್ತದೆ, ಕಳೆದುಕೊಂಡಾಗ ನೋವೂ ಸ್ವಂತದ್ದೇ. ಸತ್ತವರಿಗಾಗಿ ಅಳಲು ನಮ್ಮಲ್ಲಿ ದಿನಗಳಿವೆ, ಬಂದು ಕೂರುವ ಜನರಿದ್ದಾರೆ; ಕೈತಪ್ಪಿದ ಬದುಕಿಗೆ ಅದೇನೂ ಇಲ್ಲ. ಹಾಗಾಗಿ ಕೆಲವು ವಾರ ಯಾವ ಕೋರ್ಸಿನ ಮಾತನ್ನೂ ಎತ್ತಬಾರದೆಂದು ಮನೆಯವರಿಗೆ ಹೇಳಿದೆ. ಸೀಟು ಹಂಚಿಕೆಗೆ ಇನ್ನೂ ಸಮಯವಿತ್ತು.

ನರ್ಸಿಂಗ್ ಎಂಬ ಮಾತಿಗೆ ಜೀವ ಬಂದದ್ದು ಅಜ್ಜಿಯ ವಿಷಯ ಮಾತನಾಡುವಾಗ. ಎರಡನೆಯ ಮತ್ತು ಮೂರನೆಯ ಪರೀಕ್ಷೆಯ ನಡುವೆ ಅಜ್ಜಿಗೆ ಪಾರ್ಶ್ವವಾಯು ಹೊಡೆದು, ಆಸ್ಪತ್ರೆಯಲ್ಲಿದ್ದು, ಆಮೇಲೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಎಳೆದರೆ ಚರ್ಮ ಕಿತ್ತುಬರುವುದರಿಂದ ಕೆಳಗೆ ಅಡ್ಡಲಾಗಿ ಮಡಿಸಿದ ಬಟ್ಟೆ ಹಾಕಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು, ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವಾಗ ಬೆನ್ನನ್ನು ಎತ್ತರಿಸಿ ಕೂರಿಸಿ, ಕೊಟ್ಟ ಕೂಡಲೇ ಮಲಗಿಸಬಾರದು: ಇದನ್ನೆಲ್ಲ ವಾರ್ಡಿನ ಸಿಸ್ಟರ್ ಒಬ್ಬರು ಕಲಿಸಿದ್ದನ್ನು ಆಕೆ ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತ ಹೇಳಿದಳು. ಎರಡು ಭೇಟಿಯಲ್ಲಿ ಕೇಳದ ದನಿ ಅದು. "ಅಜ್ಜಿಗೆ ಒಂದೂ ಹುಣ್ಣು ಆಗ್ಲಿಲ್ಲ ಮೇಡಂ" ಎಂದಾಗ ಮುಖದಲ್ಲಿ ಹೆಮ್ಮೆಯಿತ್ತು.

ಆದರೂ ಇದೊಂದನ್ನೇ ನೆಚ್ಚಿ 'ನೀನು ನರ್ಸ್ ಆಗಲೆಂದೇ ಹುಟ್ಟಿದವಳು' ಎನ್ನುವುದು ಸಲಹೆಗಾರರಿಗೆ ಹೇಳಿದ್ದಲ್ಲ. ಅಜ್ಜಿಯನ್ನು ಎತ್ತಿ ಮಲಗಿಸುವುದು ಬೇರೆ; ಹೆಸರೂ ತಿಳಿಯದ, ಕೆಲವೊಮ್ಮೆ ಬೈಯುವ ರೋಗಿಗಳ ನಡುವೆ ರಾತ್ರಿ ಪಾಳಿಯಲ್ಲಿ ಅದನ್ನೇ ವರ್ಷಗಟ್ಟಲೆ ಮಾಡುವುದು ಬೇರೆ. ಆದ್ದರಿಂದ ಅನುಭವಿ ಶುಶ್ರೂಷಾಧಿಕಾರಿಯೊಬ್ಬರನ್ನು ಭೇಟಿ ಮಾಡಿಸಿದೆ. ಕಷ್ಟಗಳನ್ನೇ ಮೊದಲು ಹೇಳುವಂತೆ ಅವರನ್ನು ಕೋರಿದ್ದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಮೂರು ಪಾಳಿ, ಒಬ್ಬರ ಮೇಲೆ ಬೀಳುವ ರೋಗಿಗಳ ಸಂಖ್ಯೆ, ಪಾಳಿ ಬದಲಾಗುವಾಗ ಒಂದು ಮಾತು ಬಿಟ್ಟುಹೋದರೂ ಆಗಬಹುದಾದ ಅನಾಹುತ, ರೋಗಿಯ ಕಡೆಯವರ ಸಿಟ್ಟು, ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಎಷ್ಟು ಕಡಿಮೆ ಎಂಬುದು, ಮೊದಲ ಸಾವನ್ನು ಕಂಡ ದಿನ: ಎಲ್ಲವನ್ನೂ ಹೇಳಿದರು.

ಮರಳಿ ಬಂದಾಗ ವಿನುತಾಳನ್ನು ಕಾಡುತ್ತಿದ್ದುದು ಇವುಗಳಲ್ಲಿ ಯಾವುದೂ ಆಗಿರಲಿಲ್ಲ. "ಪಿ.ಜಿ.ಯಲ್ಲಿ ನನ್ನ ಜೊತೆಗಿದ್ದವಳಿಗೆ ಮೆಡಿಕಲ್ ಸೀಟ್ ಸಿಕ್ಕಿದೆ ಮೇಡಂ. ನಾಳೆ ಅವಳು ರೌಂಡ್ಸ್‌ಗೆ ಬಂದ್ರೆ ನಾನು ಫೈಲ್ ಹಿಡ್ಕೊಂಡು ನಿಲ್ಲಬೇಕಲ್ಲ" ಎಂದಳು. ಇಡೀ ಪ್ರಕರಣದ ತಿರುಳು ಈ ಮಾತಿನಲ್ಲಿತ್ತು. ಎಂಬಿಬಿಎಸ್ ಮತ್ತು ನರ್ಸಿಂಗ್ ಒಂದೇ ಕಟ್ಟಡದೊಳಗೆ ನಡೆಯುವ ಕೆಲಸಗಳು. ಎಂಜಿನಿಯರಿಂಗ್‌ಗೋ ಕೃಷಿ ಪದವಿಗೋ ಹೋದವರು ಬಿಟ್ಟ ಕನಸಿನಿಂದ ದೂರ ಇರಬಹುದು. ನರ್ಸಿಂಗ್ ಸೇರಿದವರು ಅದನ್ನು ದಿನವೂ ವಾರ್ಡಿನಲ್ಲಿ ಎದುರುಗೊಳ್ಳುತ್ತಾರೆ. ದಾವಣಗೆರೆಯಲ್ಲಂತೂ 1965ರಿಂದ ಇರುವ ಜೆ.ಜೆ.ಎಂ. ಮೆಡಿಕಲ್ ಕಾಲೇಜೂ ಸೇರಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಬಿಳಿ ಕೋಟು ಹಾಕಿದ ಓರಗೆಯವರು ಬಸ್ ನಿಲ್ದಾಣದಲ್ಲಿಯೂ ಕಾಣುತ್ತಾರೆ.

ನೋವಾಗುವುದಿಲ್ಲ ಎಂದು ನಾನು ಹೇಳಲಿಲ್ಲ. ಕೆಲವು ದಿನ ಆಗುತ್ತದೆ, ನಮ್ಮ ಆಸ್ಪತ್ರೆಗಳಲ್ಲಿ ನರ್ಸ್‌ಗಳನ್ನು ಕೀಳಾಗಿ ಕಾಣುವವರೂ ಇದ್ದಾರೆ ಎಂದೇ ಹೇಳಿದೆ. ಜೊತೆಗೆ, ನರ್ಸಿಂಗ್ ಎಂಬುದು ಅರ್ಧಕ್ಕೆ ನಿಂತ ವೈದ್ಯಕೀಯವೆಂದು ಭಾವಿಸಿ ಸೇರುವುದಾದರೆ ದಯವಿಟ್ಟು ಸೇರಬೇಡ ಎಂದೂ ಹೇಳಿದೆ. ಇದಕ್ಕೆ 1947ರಿಂದಲೇ ತನ್ನದೇ ಕಾಯ್ದೆ ಇದೆ, ರಾಷ್ಟ್ರಮಟ್ಟದ ತನ್ನದೇ ನಿಯಂತ್ರಣ ಸಂಸ್ಥೆ ಇದೆ, ರಾಜ್ಯ ಪರಿಷತ್ತಿನಲ್ಲಿ ತನ್ನದೇ ನೋಂದಣಿ ಇದೆ. ವೈದ್ಯರು ರೋಗಿಯ ಬಳಿ ಇರುವುದು ಸ್ವಲ್ಪ ಹೊತ್ತು, ಉಳಿದ ಹೊತ್ತೆಲ್ಲ ನರ್ಸ್ ಇರುತ್ತಾರೆ. ನಡುರಾತ್ರಿ ಉಸಿರಿನ ಗತಿ ಬದಲಾದದ್ದನ್ನು, ಮೂತ್ರದ ಪ್ರಮಾಣ ಇಳಿದದ್ದನ್ನು ಮೊದಲು ಕಂಡು, ಇದು ಬೆಳಗಿನವರೆಗೆ ಕಾಯುವಂಥದ್ದಲ್ಲ ಎಂದು ತೀರ್ಮಾನಿಸುವುದು ಅವರದೇ ವಿದ್ಯೆ. ಅಜ್ಜಿಯ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಂಡದ್ದೂ ಆ ವಿದ್ಯೆಯ ಒಂದು ಚೂರು.

ಈ ಹಂತದಲ್ಲಿ ತಂದೆ ಒಂದು ದಾರಿ ಸೂಚಿಸಿದರು: ನರ್ಸಿಂಗ್ ಸೇರಲಿ, ಜೊತೆಗೆ ನೀಟ್ ಬರೆಯುತ್ತಿರಲಿ. ಬಹಳ ಮನೆಗಳು ಹೀಗೇ ರಾಜಿಯಾಗುತ್ತವೆ. ನಾನು ಇದನ್ನು ಒಪ್ಪಲಿಲ್ಲ, ಕಾರಣವನ್ನೂ ವಿವರಿಸಿದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ, ಎಂಟು ಸೆಮಿಸ್ಟರ್‌ಗಳ ಓದು. ಮೊದಲ ಸೆಮಿಸ್ಟರಿನಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಬರುತ್ತವೆ. ತರಗತಿಗೆ ಶೇ 80ರಷ್ಟು ಹಾಜರಾತಿ ಕಡ್ಡಾಯ. ವಾರ್ಡಿನ ಕೆಲಸದ ಗಂಟೆಗಳಂತೂ ಪದವಿಗೆ ಮೊದಲು ಪೂರ್ತಿ ತುಂಬಬೇಕು. ಇದರ ನಡುವೆ ನೀಟ್‌ಗೆ ಓದಿದರೆ ಎರಡೂ ಹಾಳಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಂದಿನ ಮೇ ತಿಂಗಳಲ್ಲಿ ಹೊರಟುಹೋಗುತ್ತೇನೆ ಎಂದುಕೊಂಡು ರೋಗಿಯ ಮುಂದೆ ನಿಲ್ಲುವ ವಿದ್ಯಾರ್ಥಿನಿ ಆ ರೋಗಿಯಿಂದ ಏನನ್ನೂ ಕಲಿಯಲಾರಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಎಂಬಿಬಿಎಸ್‌ಗೆ ನೇರ ಪ್ರವೇಶವಿಲ್ಲವೆಂಬುದನ್ನೂ ಸ್ಪಷ್ಟಪಡಿಸಿದೆ, ಏಕೆಂದರೆ ಹಾಗೆ ಒಂದು ದಾರಿಯಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಮತ್ತೊಮ್ಮೆ ನೀಟ್ ಬರೆಯಲೇಬೇಕೆಂದಿದ್ದರೆ ಅದನ್ನೇ ಪೂರ್ಣ ಮನಸ್ಸಿನಿಂದ ಮಾಡಲಿ, ಬಿಡುವುದಾದರೆ ಪೂರ್ಣವಾಗಿ ಬಿಡಲಿ, ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಆಯ್ಕೆ ದಾಖಲಿಸುವ ಕೊನೆಯ ದಿನಕ್ಕೆ ಮುಂಚೆ ಒಂದನ್ನು ಬರೆದಿಟ್ಟು ಸಹಿ ಹಾಕಲಿ ಎಂದೆ. ವಿನುತಾ ನರ್ಸಿಂಗ್ ಎಂದು ಬರೆದಳು. ಅದಕ್ಕೆ ನಾಲ್ಕು ದಿನ ತೆಗೆದುಕೊಂಡಳು.

ತಂದೆಯೊಡನೆ ನಡೆದ ಭೇಟಿ ಕಷ್ಟದ್ದಾಗಿತ್ತು. "ಸಾಲ ಮಾಡಿದ್ದಕ್ಕೆ ನನಗೇನೂ ಬ್ಯಾಸರ ಇಲ್ಲ ಮೇಡಂ. ಊರಾಗೆ ಎಲ್ಲಾರ್ಗೂ ಡಾಕ್ಟ್ರು ಅಂತ ಹೇಳಿಕೊಂಡು ತಿರುಗೀನಿ, ಈಗ ಏನಂತ ಹೇಳ್ಲಿ?" ಎಂದು ತಲೆ ತಗ್ಗಿಸಿದರು. ಅವರ ನೋವನ್ನು ಅಹಂಕಾರವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಮಗಳ ಕನಸಿನಲ್ಲಿ ಅವರೂ ಬದುಕಿದ್ದರು. ನರ್ಸಿಂಗ್‌ನಲ್ಲಿರುವ ಅವಕಾಶಗಳ ಪಟ್ಟಿಯನ್ನು ಅವರ ಮುಂದಿಡುವ ಬದಲು, ಮಗಳೇ ಮಾತನಾಡಲಿ ಎಂದು ಬಿಟ್ಟೆ. "ಅಪ್ಪಾಜಿ, ನಾನು ಸೋತು ಹೋಗ್ತಿಲ್ಲ, ನೋಡಿ ಹೋಗ್ತಿದೀನಿ" ಎಂದಳು. ಅವರು ಬಹಳ ಹೊತ್ತಿನ ಮೇಲೆ, "ಆತು ಬಿಡವ್ವ, ನಿನಗೆ ಸರಿ ಕಂಡ್ರೆ ಆತು" ಎಂದರು. ರಾತ್ರಿ ಪಾಳಿ, ಮದುವೆ ಎಂದು ಸೋದರಮಾವ ಎತ್ತಿದ ಆಕ್ಷೇಪಗಳಿಗೆ ತಾಯಿಯೇ ಉತ್ತರ ಕೊಟ್ಟರು.

ಉಳಿದದ್ದು ವ್ಯವಹಾರದ ಸಲಹೆ. ಬೇಗ ಸಂಪಾದನೆಗೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಸಾಕು ಎಂಬ ಮಾತು ಮನೆಯಲ್ಲಿತ್ತು. ಅದನ್ನು ಮಾಡಿದವರು ಪದವಿ ಬೇಕಾದರೆ ಮತ್ತೆ ಎರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕು. ಅಂಕವೂ ವಯಸ್ಸೂ ಇರುವಾಗ ಬಿ.ಎಸ್ಸಿ. ಮೇಲು ಎಂದೆ. ಏಜೆಂಟರ ಕೈಗೆ ಮುಂಗಡ ಕೊಡಬಾರದು; ಭಾರತೀಯ ಮತ್ತು ರಾಜ್ಯ ಶುಶ್ರೂಷಾ ಪರಿಷತ್ತುಗಳ ಮಾನ್ಯತೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇವೆಯೇ ಎಂದು ನೋಡಿ, ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಕಾಲೇಜಿಗೆ ಇದೆಯೇ ಎಂದು ಹೋಗಿ ಕಣ್ಣಾರೆ ಕಂಡು ಆರಿಸಬೇಕು ಎಂದೆ. ಆಕೆ ಸಿಇಟಿಯನ್ನೂ ಬರೆದಿದ್ದರಿಂದ ಕೆಇಎ ಮೂಲಕ ದಾವಣಗೆರೆಯಲ್ಲಿಯೇ ಸೀಟು ಸಿಕ್ಕಿತು. ಕೋಚಿಂಗ್ ಪುಸ್ತಕಗಳನ್ನು ಏನು ಮಾಡಲಿ ಎಂದು ಕೇಳಿದಾಗ, ಜೀವಶಾಸ್ತ್ರದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಊರಿನ ಪಿಯುಸಿ ಮಕ್ಕಳಿಗೆ ಕೊಡಲು ಹೇಳಿದೆ.

ಈಗ ಮೂರನೆಯ ಸೆಮಿಸ್ಟರಿನಲ್ಲಿದ್ದಾಳೆ. ಪಿ.ಜಿ.ಯ ಆ ಗೆಳತಿಯನ್ನು ಒಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡು, ಮಾತನಾಡಿಸಿ, ಹಾಸ್ಟೆಲ್‌ಗೆ ಬಂದು ಅತ್ತಳಂತೆ. ಮರುದಿನ ಡ್ಯೂಟಿಗೆ ಹೋದಳಂತೆ. ಕಳೆದ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆ ತಂದೆಯ ಬಗ್ಗೆ. ಅವರು ಊರಿನಲ್ಲಿ ಇನ್ನೂ 'ಮಗಳು ಮೆಡಿಕಲ್ ಓದ್ತಾಳೆ' ಎಂದೇ ಹೇಳುತ್ತಿದ್ದಾರೆ, ತಿದ್ದಲೇ, ಸುಮ್ಮನಿರಲೇ ಎಂದು. ಜನರೆದುರು ತಿದ್ದಬೇಡ, ಆದರೆ ಸುಮ್ಮನೆಯೂ ಇರಬೇಡ. ಮನೆಯಲ್ಲಿ ಅವರೊಬ್ಬರೇ ಇರುವಾಗ, ನೀನು ವಾರ್ಡಿನಲ್ಲಿ ಏನು ಮಾಡುತ್ತೀಯ ಎಂಬುದನ್ನು ಅಜ್ಜಿಯ ವಿಷಯ ನನಗೆ ಹೇಳಿದ ಹಾಗೆ ಅವರಿಗೂ ಹೇಳು, ಹೇಳಿದ ಮೇಲೆ 'ಇದನ್ನು ನರ್ಸಿಂಗ್ ಅಂತಲೇ ಹೇಳಿ ಅಪ್ಪಾಜಿ' ಎಂದು ಕೇಳು ಎಂದಿದ್ದೇನೆ. ದಸರಾ ರಜೆಗೆ ಊರಿಗೆ ಹೋದಾಗ ಹೇಳುವುದಾಗಿ ತಿಳಿಸಿದ್ದಾಳೆ.