ಮ್ಯಾನೇಜರ್ ಒಳ್ಳೆಯವರೇ, ಆದರೂ ‘ಅಗ್ರೀ’ ಒತ್ತಬೇಡಿ

ಪ್ರಶ್ನೆ: ಅಕ್ಕಾ, ನನಗೆ 32 ವರ್ಷ. ಹಾವೇರಿ ಕಡೆಯವಳು. ಬೆಂಗಳೂರಿನ ಒಂದು ದೊಡ್ಡ ಐಟಿ ಕಂಪನಿ ಸೇರಿ ಒಂಬತ್ತು ವರ್ಷವಾಯಿತು. ಕಳೆದ ವರ್ಷ ಹೆರಿಗೆ ರಜೆ ಮುಗಿಸಿ ಬಂದೆ. ಈ ಸಲದ ಅಪ್ರೈಸಲ್‌ನಲ್ಲಿ ನನಗೆ ತೀರಾ ಕೆಳಗಿನ ರೇಟಿಂಗ್ ಕೊಟ್ಟಿದ್ದಾರೆ. ಮ್ಯಾನೇಜರ್ ಕೆಟ್ಟವರಲ್ಲ. ಆರು ವರ್ಷದಿಂದ ಅವರ ಟೀಮಿನಲ್ಲೇ ಇದ್ದೇನೆ, ಮಗಳ ನಾಮಕರಣಕ್ಕೂ ಬಂದಿದ್ದರು. ರೇಟಿಂಗ್ ಹೇಳುವಾಗ ಅವರ ಕಣ್ಣಲ್ಲೇ ನೀರು ಬಂತು. ‘ಮೇಲಿನಿಂದ ಬಂದಿದ್ದು, ಯಾರಿಗಾದರೂ ಕೊಡಲೇಬೇಕಿತ್ತು. ನೀವಾದರೆ ಅರ್ಥ ಮಾಡಿಕೊಳ್ತೀರಿ ಅಂತ ಕೊಟ್ಟೆ. ಸಿಸ್ಟಮ್‌ನಲ್ಲಿ ಅಗ್ರೀ ಒತ್ತಿಬಿಡಿ, ಮುಂದಿನ ವರ್ಷ ಸರಿ ಮಾಡ್ತೀನಿ’ ಅಂದರು. ಬರುವ ಶುಕ್ರವಾರದವರೆಗೆ ಸಮಯ ಇದೆ. ನಮ್ಮ ಮನೆಯವರು ರಾಜೀನಾಮೆ ಬಿಸಾಕಿ ಬಾ ಅಂತಾರೆ. ಊರಲ್ಲಿ ಅಪ್ಪ ಸಿಕ್ಕವರಿಗೆಲ್ಲ ನನ್ನ ಕಂಪನಿ ಹೆಸರು ಹೇಳಿಕೊಂಡು ಓಡಾಡುತ್ತಾರೆ. ಅವರಿಗೆ ಶುಗರ್ ಬೇರೆ, ಆಸ್ಪತ್ರೆ ಖರ್ಚೆಲ್ಲ ಕಂಪನಿ ಇನ್ಶೂರೆನ್ಸ್ ಮೇಲೇ ನಡೆಯುತ್ತಿದೆ. ನಾನು ಅಗ್ರೀ ಒತ್ತಲಾ, ಜಗಳಕ್ಕೆ ನಿಲ್ಲಲಾ? ಇಷ್ಟು ವರ್ಷ ದುಡಿದಿದ್ದಕ್ಕೆ ಬೆಲೆಯೇ ಇಲ್ವಾ?

ಉತ್ತರ: ಅಗ್ರೀ ಒತ್ತಬೇಡಿ. ರಾಜೀನಾಮೆಯೂ ಈಗ ಬೇಡ. ಒಪ್ಪಿಗೆ ಇಲ್ಲ ಅನ್ನುವುದನ್ನು ಆಯ್ಕೆ ಮಾಡಿ, ಕಾರಣ ಬರೆದು, ಶುಕ್ರವಾರಕ್ಕೆ ಮುಂಚೆಯೇ ಸಲ್ಲಿಸಿ. ಯಾಕೆ ಅಂತ ಹೇಳುತ್ತೇನೆ.

ನಾನೂ ಇಂಥ ಒಂದು ಕಂಪನಿಯಲ್ಲಿ ಟೀಮ್ ನಡೆಸಿದವಳು. ರೇಟಿಂಗ್ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಮ್ಯಾನೇಜರ್ ಮೊದಲು ತಮ್ಮ ಮನಸ್ಸಿಗೆ ಬಂದ ರೇಟಿಂಗ್ ಹಾಕಿರುತ್ತಾರೆ, ಅದು ಚೆನ್ನಾಗಿಯೇ ಇದ್ದಿರಬಹುದು. ಆಮೇಲೆ ನಾರ್ಮಲೈಸೇಷನ್ ಅಂತ ಒಂದು ಮೀಟಿಂಗ್ ನಡೆಯುತ್ತದೆ, ಕೆಲವು ಕಡೆ ಅದನ್ನೇ ಕ್ಯಾಲಿಬ್ರೇಷನ್ ಅಂತಾರೆ. ಹತ್ತಾರು ಮ್ಯಾನೇಜರ್‌ಗಳು, ಅವರ ಮೇಲಿನವರು, ಎಚ್‌ಆರ್‌ನಿಂದ ಒಬ್ಬರು, ಪರದೆ ಮೇಲೆ ಒಂದು ಎಕ್ಸೆಲ್ ಶೀಟ್. ಇನ್ನೂರು ಮುನ್ನೂರು ಹೆಸರು ಇರುತ್ತವೆ. ಯಾವ ರೇಟಿಂಗ್‌ನಲ್ಲಿ ಎಷ್ಟು ಜನ ಇರಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ಯಾಕಂದರೆ ಸಂಬಳ ಏರಿಸಲು ಇಟ್ಟಿರುವ ಹಣ ಇಷ್ಟೇ ಅಂತ ಗೊತ್ತಿರುತ್ತದೆ. ಕೆಳಗಿನ ಖಾನೆಗೆ ಇನ್ನೂ ನಾಲ್ಕು ಹೆಸರು ಬೇಕು ಅಂತ ಎಚ್‌ಆರ್ ಹೇಳಿದಾಗ ಎಲ್ಲರೂ ಶೀಟ್ ನೋಡುತ್ತಾರೆ. ಅಲ್ಲಿ ಆರು ತಿಂಗಳು ಬಿಲ್ಲಿಂಗ್, ಅಂದರೆ ಕ್ಲೈಂಟ್‌ನಿಂದ ಹಣ ಬರುವ ಕೆಲಸ, ಇಲ್ಲದ ಒಂದು ಸಾಲು ಕಾಣುತ್ತದೆ. ಅದು ನೀವು. ರಜೆಯಲ್ಲಿದ್ದಿರಿ ಅಂತ ಶೀಟ್‌ನಲ್ಲಿ ಬರೆದಿರುವುದಿಲ್ಲ, ಖಾಲಿ ಜಾಗ ಮಾತ್ರ ಕಾಣುತ್ತದೆ. ನಿಮ್ಮ ಮ್ಯಾನೇಜರ್ ಆ ಹೊತ್ತಿಗೆ ಗಟ್ಟಿಯಾಗಿ ಮಾತಾಡಬೇಕಿತ್ತು. ಮಾತಾಡಲಿಲ್ಲ, ಅಥವಾ ಮಾತಾಡಿ ಸೋತರು. ಎರಡು ನಿಮಿಷದಲ್ಲಿ ಮುಂದಿನ ಹೆಸರಿಗೆ ಹೋಗಿರುತ್ತಾರೆ.

ಈ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. 1980ರ ದಶಕದಲ್ಲಿ ಜ್ಯಾಕ್ ವೆಲ್ಚ್ ಅದರ ಮುಖ್ಯಸ್ಥರಾಗಿದ್ದಾಗ ಮೇಲಿನವರು ಶೇ 20, ನಡುವಿನವರು ಶೇ 70, ಕೆಳಗಿನವರು ಶೇ 10 ಅಂತ ಜನರನ್ನು ಮೂರು ಪಾಲು ಮಾಡಿ, ಕೆಳಗಿನವರನ್ನು ಕಳಿಸುವ ಕ್ರಮ ತಂದರು. ಬಹಳ ಕಂಪನಿಗಳು ಅದನ್ನೇ ಹಿಡಿದವು. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ರ‍್ಯಾಂಕಿಂಗ್ ಬಿಟ್ಟಿತು. ನಮ್ಮಲ್ಲೂ ಬೆಲ್ ಕರ್ವ್, ಅಂದರೆ ಹೀಗೆ ಮೊದಲೇ ಪಾಲು ಮಾಡುವ ಲೆಕ್ಕ, ತೆಗೆದಿದ್ದೇವೆ ಅಂತ ಹೇಳಿಕೊಂಡ ಕಂಪನಿಗಳಿವೆ. ಆದರೆ ಇಂಕ್ರಿಮೆಂಟ್ ಬಜೆಟ್‌ಗೆ ಮಿತಿ ಇರುವವರೆಗೆ ಅದು ಬೇರೆ ಹೆಸರಲ್ಲಿ ಒಳಗೆ ಬಂದೇ ಬರುತ್ತದೆ ಅನ್ನುವುದು ನಾನು ಕಂಡುಕೊಂಡಿದ್ದು.

ಹಾಗಾಗಿ ಒಂದನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ಕೆಲಸದಲ್ಲಿ ಕಡಿಮೆ ಆದಿರಿ ಅಂತ ಯಾರೂ ತೂಗಿ ನೋಡಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಹೆಚ್ಚಿನವರಿಗೆ ನಿಮ್ಮ ಮುಖವೂ ಗೊತ್ತಿಲ್ಲ. ದೊಡ್ಡ ಕಂಪನಿಯಲ್ಲಿ ಇರುವ ಕಷ್ಟವೇ ಇದು. ನಿಮ್ಮನ್ನು ಬಲ್ಲವರ ಕೈಯಲ್ಲಿ ತೀರ್ಮಾನ ಇರುವುದಿಲ್ಲ, ತೀರ್ಮಾನ ಮಾಡುವವರಿಗೆ ನೀವು ಗೊತ್ತಿರುವುದಿಲ್ಲ. ನಿಮ್ಮ ಮ್ಯಾನೇಜರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ ಅನ್ನುವುದೂ ಇದಕ್ಕೇ. ಆದರೆ ಸುಮ್ನೆ ಇದ್ದರೆ, ನಿಮ್ಮ ಮಾತು ತೀರ್ಮಾನ ಮಾಡುವವರಿಗೆ ಯಾವತ್ತೂ ತಲುಪುವುದಿಲ್ಲ. ತಲುಪುವ ದಾರಿ ಒಂದೇ, ಬರವಣಿಗೆ.

ಈಗ ಮ್ಯಾನೇಜರ್ ವಿಷಯ. ಅವರ ಕಣ್ಣೀರು ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ‘ನೀವಾದರೆ ಅರ್ಥ ಮಾಡಿಕೊಳ್ತೀರಿ ಅಂತ ಕೊಟ್ಟೆ’ ಅಂದರಲ್ಲ, ಆ ಮಾತನ್ನು ಇನ್ನೊಂದು ಸಲ ಓದಿ. ಟೀಮಿನಲ್ಲಿ ಯಾರು ಜಗಳ ಮಾಡುವುದಿಲ್ಲವೋ ಅವರಿಗೆ ಕೊಟ್ಟೆ ಅಂತ ಅವರೇ ಹೇಳಿದ ಹಾಗಾಯಿತು. ಆರು ವರ್ಷ ಕಷ್ಟಕ್ಕೆ ಆದಿರಿ, ಅವರ ಎಸ್ಕಲೇಷನ್‌ಗಳನ್ನು, ಅಂದರೆ ಮೇಲಿನವರವರೆಗೆ ಹೋದ ದೂರುಗಳನ್ನು, ರಾತ್ರಿ ಕೂತು ಮುಗಿಸಿ ಕೊಟ್ಟಿರುತ್ತೀರಿ, ಯಾವತ್ತೂ ಎದುರು ಮಾತಾಡಿಲ್ಲ, ಆ ಒಳ್ಳೆಯತನವೇ ನಿಮ್ಮ ಹೆಸರನ್ನು ಕೆಳಗಿನ ಖಾನೆಗೆ ತಳ್ಳಲು ಸುಲಭ ಮಾಡಿಕೊಟ್ಟಿತು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಹೆರಿಗೆ ಮುಗಿಸಿ ಬಂದ ಹೆಣ್ಣುಮಕ್ಕಳ ಜೊತೆ ಇದು ಮತ್ತೆ ಮತ್ತೆ ನಡೆಯುತ್ತದೆ. ಅವರು ಜಾಸ್ತಿ ಕೇಳುವುದೂ ಇಲ್ಲ, ಮಗು ಮಲಗಿದರೆ ಸಾಕು ಅನ್ನುವ ಸ್ಥಿತಿಯಲ್ಲಿರುತ್ತಾರೆ.

ಮುಂದಿನ ವರ್ಷ ಸರಿ ಮಾಡ್ತೀನಿ ಅಂದಿದ್ದಾರೆ. ಮುಂದಿನ ವರ್ಷ ಅವರು ಅದೇ ಜಾಗದಲ್ಲಿ ಇರುತ್ತಾರಾ? ಅವರು ನೋಡಿಕೊಳ್ಳುವ ಕ್ಲೈಂಟ್ ಬದಲಾಗಬಹುದು, ಟೀಮುಗಳನ್ನೇ ಹೊಸದಾಗಿ ಜೋಡಿಸಬಹುದು, ಅವರೇ ಬೇರೆ ಕಡೆ ಹೋಗಬಹುದು. ಹೊಸಬರು ಬಂದಾಗ ಅವರಿಗೆ ಕಾಣುವುದು ಒಂದು ಅಂಕಿ, ಅದರ ಪಕ್ಕದಲ್ಲಿ ನೀವೇ ಒತ್ತಿದ ಅಗ್ರೀ. ಅದರಿಂದ ವೇರಿಯೇಬಲ್ ಪೇ, ಅಂದರೆ ರೇಟಿಂಗ್ ನೋಡಿ ಕೊಡುವ ಸಂಬಳದ ಭಾಗ, ಹೋಗುವುದು ಒಂದು ಕಡೆ. ಸಾಮಾನ್ಯವಾಗಿ ಒಳಗಿನ ಬೇರೆ ಪ್ರಾಜೆಕ್ಟ್‌ಗೆ ಅರ್ಜಿ ಹಾಕಲೂ ಈ ರೇಟಿಂಗ್ ಅಡ್ಡ ಬರುತ್ತದೆ. ಎರಡು ವರ್ಷ ಸತತ ಹೀಗೇ ಬಂದರೆ ಪಿಐಪಿ, ಅಂದರೆ ಗಡುವು ಕೊಟ್ಟು ಕೆಲಸ ಸುಧಾರಿಸಿಕೊಳ್ಳಿ ಅನ್ನುವವರ ಪಟ್ಟಿಗೆ ಹೆಸರು ಹೋಗುವ ಸಾಧ್ಯತೆ ಜಾಸ್ತಿ. ಆಗ ‘ಅವತ್ತು ಒಪ್ಪಿಕೊಂಡಿದ್ದಿರಲ್ಲ’ ಅಂತ ಮೊದಲು ಕೇಳುತ್ತಾರೆ.

ಹಾಗಾದರೆ ಏನು ಬರೆಯಬೇಕು? ಉದ್ದ ಬೇಡ, ಅಳಲು ಬೇಡ, ಬೇರೆಯವರ ಹೆಸರು ಬೇಡ. ಇಷ್ಟು ಸಾಕು: ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಹೆರಿಗೆ ರಜೆಯಲ್ಲಿದ್ದೆ, ರಜೆಗೆ ಮುಂಚೆ ಮತ್ತು ವಾಪಸ್ ಬಂದ ಮೇಲೆ ಇಂಥ ಕೆಲಸಗಳನ್ನು ಮುಗಿಸಿದ್ದೇನೆ, ನಾನು ಯಾವ ಗುರಿ ತಲುಪಲಿಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ತಿಳಿಸಿ, ಕೆಲಸ ಮಾಡಿದ ತಿಂಗಳುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ರೇಟಿಂಗ್ ಮರುಪರಿಶೀಲಿಸಿ. ಕ್ಲೈಂಟ್ ಮೆಚ್ಚಿ ಬರೆದ ಮೇಲ್ ಇದ್ದರೆ ಅದರ ತಾರೀಕು ಹಾಕಿ. ಜೊತೆಗೆ ಎಚ್‌ಆರ್‌ಗೂ ಇದೇ ವಿಷಯ ಒಂದು ಮೇಲ್ ಹೋಗಲಿ. ಎಚ್‌ಆರ್ ಫೋನ್ ಮಾಡಿ ಸಮಾಧಾನ ಹೇಳಿದರೆ ಕೇಳಿಸಿಕೊಳ್ಳಿ, ಆಮೇಲೆ ‘ಇವತ್ತು ನಾವು ಮಾತಾಡಿದ್ದು ಇಷ್ಟು’ ಅಂತ ಅವರಿಗೇ ಬರೆದು ಕಳಿಸಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಕ್ಷಿ ಬೇಕು ಅಂತ ಆಫೀಸಿನ ಮೇಲ್‌ಗಳನ್ನು, ಕ್ಲೈಂಟ್ ಫೈಲ್‌ಗಳನ್ನು ನಿಮ್ಮ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದು ಕೂಡಲೇ ಗೊತ್ತಾಗುತ್ತದೆ. ಕೆಳಗಿನ ರೇಟಿಂಗ್ ಬಂದವರನ್ನು ತೆಗೆಯಲು ತಿಂಗಳುಗಟ್ಟಲೆ ಬೇಕು, ಡೇಟಾ ಹೊರಗೆ ಕಳಿಸಿದವರನ್ನು ಅವತ್ತೇ ತೆಗೆಯುತ್ತಾರೆ. ನಿಮ್ಮ ಸ್ವಂತ ಪೇ-ಸ್ಲಿಪ್, ನೇಮಕಾತಿ ಪತ್ರ, ಹಳೆಯ ಅಪ್ರೈಸಲ್ ಪತ್ರಗಳು ಕೈಯಲ್ಲಿರಲಿ. ಉಳಿದದ್ದಕ್ಕೆ ತಾರೀಕು, ವಿಷಯ ಬರೆದಿಟ್ಟುಕೊಂಡರೆ ಸಾಕು.

ಕಾನೂನು ಏನನ್ನುತ್ತದೆ ಅಂತಲೂ ತಿಳಿದಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಬಂತು. 2025ರ ನವೆಂಬರ್‌ನಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, 26 ವಾರ ಹಾಗೇ ಇದೆ. ಈ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ಕೆಲಸದ ಷರತ್ತುಗಳನ್ನು ಆಕೆಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ. ರೇಟಿಂಗ್ ಬಗ್ಗೆ ಅದರಲ್ಲಿ ನೇರವಾಗಿ ಹೇಳಿಲ್ಲ, ಹಾಗಾಗಿ ಮೊದಲ ಪತ್ರದಲ್ಲೇ ಕೋರ್ಟಿನ ಮಾತು ಎತ್ತಬೇಡಿ. ರಜೆಯ ತಾರೀಕು ಮತ್ತು ರೇಟಿಂಗ್ ಎರಡೂ ಒಂದೇ ಪುಟದಲ್ಲಿ ಕಂಡರೆ ಎಚ್‌ಆರ್‌ನವರಿಗೆ ವಿಷಯ ಎಷ್ಟು ಸೂಕ್ಷ್ಮ ಅಂತ ತಾನಾಗಿಯೇ ಹೊಳೆಯುತ್ತದೆ. ಅದಕ್ಕೂ ಜಗ್ಗದಿದ್ದರೆ ಕಂಪನಿಯ ದೂರು ಪರಿಹಾರ ಸಮಿತಿಗೆ ಬರೆಯಿರಿ. 2017ರಿಂದ ಇರುವ ಐಟಿ ನೌಕರರ ಸಂಘ ಕೆಐಟಿಯು ಜೊತೆಗೂ ಮಾತಾಡಬಹುದು. ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗುವುದು ಕೊನೆಯ ಹೆಜ್ಜೆ.

ಇಷ್ಟೆಲ್ಲ ಮಾಡಿದರೆ ರೇಟಿಂಗ್ ಬದಲಾಗುತ್ತದಾ? ಬಹಳ ಸಲ ಆಗುವುದಿಲ್ಲ. ಆಸೆ ಇಟ್ಟುಕೊಂಡು ಕೂರಬೇಡಿ ಅಂತಲೇ ಹೇಳುತ್ತೇನೆ. ಆದರೆ ಮುಂದಿನ ವರ್ಷ ಅದೇ ಕೋಣೆಯಲ್ಲಿ ನಾಲ್ಕು ಹೆಸರು ಬೇಕಾದಾಗ, ‘ಈಕೆ ಹೋದ ಸಲ ಬರೆದು ಕೇಳಿದ್ದರು’ ಅನ್ನುವ ಮಾತು ಬಂದೇ ಬರುತ್ತದೆ.

ನಿಮ್ಮ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಪಾಪ, ದಿನಾ ನಿಮ್ಮ ಮುಖ ನೋಡುತ್ತಿರುವವರು ಅವರು. ಆದರೂ ಕೈಯಲ್ಲಿ ಇನ್ನೊಂದು ಆಫರ್ ಇಲ್ಲದೆ ಬಿಡಬೇಡಿ. ಹುಡುಕಲು ಇವತ್ತಿನಿಂದಲೇ ಶುರು ಮಾಡಿ, ನೋಟಿಸ್ ಪೀರಿಯಡ್ 90 ದಿನ ಇದ್ದರೆ ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಪ್ಪನ ಇನ್ಶೂರೆನ್ಸ್ ನಿಮ್ಮ ಕೊನೆಯ ದಿನಕ್ಕೇ ನಿಂತುಹೋಗಬಹುದು. ಸ್ವಂತಕ್ಕೆ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಶುಗರ್‌ಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದಕ್ಕೇ ಹೊಸ ಕಡೆ ಆಫರ್ ಮಾತಾಡುವಾಗ ತಂದೆ ತಾಯಿಗೆ ಕವರೇಜ್ ಇದೆಯಾ, ಹಳೆ ಕಾಯಿಲೆಗೆ ಮೊದಲ ದಿನದಿಂದಲೇ ಸಿಗುತ್ತಾ ಅಂತ ಸಂಬಳದಷ್ಟೇ ಮುಖ್ಯವಾಗಿ ಕೇಳಿ. ಇರುವ ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗುವ ಅವಕಾಶವೂ ಇದೆ, ಕೆಲಸ ಬಿಡುವ ಮುಂಚೆ ವಿಚಾರಿಸಿ.

ಒಂಬತ್ತು ವರ್ಷಕ್ಕೆ ಬೆಲೆ ಇಲ್ವಾ ಅಂದಿರಿ. ಇದೆ, ಅದನ್ನು ಬಿಟ್ಟು ಬರಬೇಡಿ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ, ನಿಮ್ಮ ಹಕ್ಕು. ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ 45,000 ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಒಂಬತ್ತು ವರ್ಷಕ್ಕೆ ಸುಮಾರು 2 ಲಕ್ಷ 34 ಸಾವಿರ ರೂಪಾಯಿ. ಹೆರಿಗೆ ರಜೆಯ ತಿಂಗಳುಗಳೂ ಸೇವೆಯಲ್ಲೇ ಸೇರುತ್ತವೆ. ನಿಮ್ಮ ಕೈಗೆ ಬಂದ ಕೆಲಸ, ಅದು ಯಾರ ಶೀಟ್‌ನಲ್ಲೂ ಅಳಿಸಿಹೋಗುವುದಿಲ್ಲ. ಕಂಪನಿಯಿಂದ ಪ್ರೀತಿ ವಾಪಸ್ ಬರಲಿ ಅಂತ ಮಾತ್ರ ಕಾಯಬೇಡಿ. ಪ್ರೀತಿ ಇಟ್ಟುಕೊಳ್ಳುವುದಾದರೆ ಪಕ್ಕದ ಸೀಟಿನವರ ಮೇಲೆ ಇಟ್ಟುಕೊಳ್ಳಿ. ಮುಂದಿನ ಕೆಲಸಕ್ಕೆ ನಿಮ್ಮ ಹೆಸರು ಹೇಳುವವರೂ ಅವರೇ.

ಸಲ್ಲಿಸುವ ಮುಂಚೆ ಮ್ಯಾನೇಜರ್‌ಗೆ ಎದುರಿಗೇ ಹೇಳಿಬಿಡಿ. ‘ಸರ್, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದನ್ನು ಒಪ್ಪಿಕೊಂಡೆ ಅಂತ ನನ್ನ ಕೈಯಾರೆ ದಾಖಲೆ ಮಾಡಲಾರೆ.’ ಅವರಿಗೆ ಒಂದೆರಡು ವಾರ ಮುಜುಗರವಾಗುತ್ತದೆ, ಆಗಲಿ. ನಿಜವಾಗಿ ಒಳ್ಳೆಯವರಾದರೆ ನಿಮ್ಮ ಮರುಪರಿಶೀಲನೆಗೆ ನಾಲ್ಕು ಸಾಲು ಬರೆದು ಬೆಂಬಲ ಕೊಡುತ್ತಾರೆ, ಹಾಗೆ ಬರೆದುಕೊಡಿ ಅಂತ ನೀವೇ ಕೇಳಿ. ಅಪ್ಪನಿಗೆ ಈ ವಿಷಯ ಹೇಳಲೇಬೇಕು ಅಂತೇನಿಲ್ಲ. ಅವರು ಹೆಮ್ಮೆಪಡುವುದು ಮಗಳ ಬಗ್ಗೆ, ಕಂಪನಿ ಹೆಸರು ನಾಳೆ ಬೇರೆಯಾದರೆ ಅದನ್ನೂ ಅಷ್ಟೇ ಖುಷಿಯಿಂದ ಹೇಳಿಕೊಂಡು ಓಡಾಡುತ್ತಾರೆ. ಸಲ್ಲಿಸಿದ ಮೇಲೆ ಆ ಪುಟದ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಎಚ್‌ಆರ್ ಏನು ಉತ್ತರ ಕೊಟ್ಟರು ಅಂತ ನನಗೆ ಮತ್ತೆ ಬರೆಯಿರಿ.