ರೇ ಅಲೆನ್ ಹೊಡೆದ ಆ ಶಾಟ್ ಬರೀ ಲಕ್ಕಾ? ಶೂಟಿಂಗ್ ಗಾರ್ಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಸರ್, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2013ರ ಫೈನಲ್ಸ್‌ನ ಆರನೇ ಪಂದ್ಯದ ಕೊನೆಯಲ್ಲಿ ಮಯಾಮಿ ಹೀಟ್ ಪರ ರೇ ಅಲೆನ್ ಹೊಡೆದ ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಶಾಟ್) ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನನ್ನ ಗೆಳೆಯರು ಮಾತ್ರ ಅದು ಬರೀ ಲಕ್ಕು, ಬಾಲ್ ಬಂತು ಎಸೆದರು ಅಂತಾರೆ. ನೀವೇನಂತೀರಿ? – ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಾಲ್ ಅವರ ಕೈಗೆ ಬರುವವರೆಗೆ ಅದೃಷ್ಟ ಇತ್ತು, ಒಪ್ಪುತ್ತೇನೆ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಸರಣಿಯಲ್ಲಿ 3-2 ಮುಂದಿತ್ತು, ಆ ರಾತ್ರಿ ಗೆದ್ದಿದ್ದರೆ ಕಪ್ ಅವರದ್ದೇ. 19 ಸೆಕೆಂಡ್ ಉಳಿದಿದ್ದಾಗ ಕವಾಯ್ ಲೆನಾರ್ಡ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿದರು. ಸ್ಕೋರ್ 95-92, ಸ್ಪರ್ಸ್ ಮುಂದೆ. ಕಪ್ ಕೊಡುವ ಸಮಾರಂಭಕ್ಕೆ ಅಂತ ಸಿಬ್ಬಂದಿ ಆಗಲೇ ಹಳದಿ ಹಗ್ಗ ಹಿಡಿದು ಕೋರ್ಟ್ ಪಕ್ಕ ಬಂದಿದ್ದರು, ಮಯಾಮಿ ಅಭಿಮಾನಿಗಳು ಕೆಲವರು ಎದ್ದು ಹೊರಟೂ ಹೋಗಿದ್ದರು. ಮಯಾಮಿಯ ಲೆಬ್ರಾನ್ ಜೇಮ್ಸ್ ಎಸೆದ ತ್ರೀ ಬೀಳಲಿಲ್ಲ, ರಿಬೌಂಡ್ (ತಪ್ಪಿ ಪುಟಿದ ಬಾಲ್) ಅವರದೇ ತಂಡದ ಕ್ರಿಸ್ ಬಾಷ್‌ಗೆ ಸಿಕ್ಕಿತು. ಸ್ಪರ್ಸ್‌ನ ಎತ್ತರದ ಆಟಗಾರ ಟಿಮ್ ಡಂಕನ್ ಆ ಹೊತ್ತಿಗೆ ಬೆಂಚ್ ಮೇಲಿದ್ದರು. ಇಷ್ಟೂ ಬೇರೆಯವರ ಕೈಯಲ್ಲಿದ್ದ ಸಂಗತಿ.

ಮುಂದಿನದ್ದು ಹಾಗಲ್ಲ. ವಿಡಿಯೊ ಇನ್ನೊಮ್ಮೆ ಹಾಕಿ, ಈ ಸಲ ಬಾಲ್ ನೋಡಬೇಡಿ, ಅಲೆನ್ ಕಾಲು ನೋಡಿ. ಲೆಬ್ರಾನ್ ಎಸೆದಾಗ ಅಲೆನ್ ಬ್ಯಾಸ್ಕೆಟ್ ಕಡೆ ನುಗ್ಗಿದ್ದಾರೆ. ಬಾಷ್ ಕೈಗೆ ಬಾಲ್ ಸಿಕ್ಕಿದ ಕೂಡಲೇ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಕಾರ್ನರ್‌ಗೆ ಹೋಗುತ್ತಾರೆ, ಕಣ್ಣು ಮಾತ್ರ ಬಾಷ್ ಮೇಲೇ ಇದೆ. ಎನ್‌ಬಿಎ ಕೋರ್ಟ್‌ನ ಕಾರ್ನರ್‌ನಲ್ಲಿ ತ್ರೀ ಪಾಯಿಂಟ್ ಗೆರೆಗೂ ಸೈಡ್‌ಲೈನ್‌ಗೂ ನಡುವೆ ಇರುವುದು 3 ಅಡಿ ಜಾಗ. ಮುಂದಿನ ಗೆರೆ ತುಳಿದರೆ ಎರಡೇ ಪಾಯಿಂಟ್, ಹಿಂದಿನ ಗೆರೆ ತುಳಿದರೆ ಬಾಲ್ ಎದುರಾಳಿಗೆ. ಅವರು ಒಮ್ಮೆಯೂ ನೆಲ ನೋಡಲಿಲ್ಲ. ಸ್ಪರ್ಸ್‌ನ ಟೋನಿ ಪಾರ್ಕರ್ ಕೈ ಎತ್ತಿಕೊಂಡು ಓಡಿ ಬರುವಷ್ಟರಲ್ಲಿ ಬಾಲ್ ಹೋಗಿಯಾಗಿತ್ತು. 5.2 ಸೆಕೆಂಡ್ ಉಳಿದಿತ್ತು, 95-95.

ಇದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಬ್ಯಾಸ್ಕೆಟ್ ಮುಂದೆ ನೆಲದ ಮೇಲೆ ಮಲಗುವುದು, ಧಡಕ್ಕನೆ ಎದ್ದು ಹಿಂದಕ್ಕೆ ಹೆಜ್ಜೆ ಹಾಕಿ ಕಾರ್ನರ್ ಸೇರುವುದು, ಬಾಲ್ ಹಿಡಿದ ಕೂಡಲೇ ಎಸೆಯುವುದು. ಇಂಥ ಗಳಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಅದಕ್ಕೆ ತಯಾರಿ ಮಾಡಿಕೊಂಡವರು. ಓವರ್‌ಟೈಮ್‌ನ ಕೊನೆಯಲ್ಲಿ 1.9 ಸೆಕೆಂಡ್ ಇದ್ದಾಗ ಎರಡು ಫ್ರೀ ಥ್ರೋ ಹಾಕಿದ್ದೂ ಅವರೇ, ಮಯಾಮಿ 103-100ರಲ್ಲಿ ಗೆದ್ದಿತು. ಏಳನೇ ಪಂದ್ಯ ಗೆದ್ದು ಕಪ್ಪೂ ಎತ್ತಿತು. ನಿಮ್ಮ ಗೆಳೆಯರಿಗೆ ಆ ಕಾಲಿನ ಕೆಲಸ ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ಕ್ಲಬ್‌ನಲ್ಲಿ ಶೂಟಿಂಗ್ ಗಾರ್ಡ್ (ಹೊರಗಿನಿಂದ ಶಾಟ್ ಹಾಕುವುದು ಮುಖ್ಯ ಕೆಲಸವಾದ ಆಟಗಾರ). ಹೋದ ವರ್ಷ ಮೊದಲ ಐವರಲ್ಲಿ ಇದ್ದ. ಈ ವರ್ಷ ಹೊಸ ಹುಡುಗ ಬಂದಿದ್ದಾನೆ, ಇವನನ್ನು ಮೊದಲು ಬೆಂಚ್ ಮೇಲೆ ಕೂರಿಸಿ ಆಮೇಲೆ ಆಟಕ್ಕೆ ಇಳಿಸುತ್ತಾರೆ. ಶಾಟ್ ಏನೂ ಕೆಟ್ಟಿಲ್ಲ. ಆದರೂ ಮನಸ್ಸು ಮುದುಡಿಕೊಂಡು ಆಟವೇ ಬೇಡ ಅಂತಿದ್ದಾನೆ. ನಾನು ಹೋಗಿ ಕೋಚ್ ಹತ್ತಿರ ಮಾತಾಡಲಾ? – ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ನೀವು ಹೋಗಬೇಡಿ. ಅವನೇ ಹೋಗಿ ಕೇಳಲಿ. ‘ನನ್ನನ್ನು ಯಾಕೆ ಕೂರಿಸಿದ್ರಿ’ ಅಂತ ಅಲ್ಲ, ‘ಕೋರ್ಟ್‌ಗೆ ಇಳಿದಾಗ ನಾನು ಏನು ಮಾಡಬೇಕು ಸರ್’ ಅಂತ. ಶಾಟ್ ಚೆನ್ನಾಗಿದ್ದೂ ಬೆಂಚ್‌ಗೆ ಹೋದ ಅಂದರೆ ಹೆಚ್ಚಾಗಿ ಕಾರಣ ಡಿಫೆನ್ಸ್ ಆಗಿರುತ್ತದೆ. ಎದುರು ತಂಡದಲ್ಲಿ ಜಾಸ್ತಿ ಸ್ಕೋರ್ ಮಾಡುವವನನ್ನು ತಡೆಯುವ ಕೆಲಸ ಎಷ್ಟೋ ಸಲ ಶೂಟಿಂಗ್ ಗಾರ್ಡ್ ಮೇಲೇ ಬೀಳುತ್ತದೆ. ಹೆಸರಿನಲ್ಲಿ ಶೂಟಿಂಗ್ ಇದೆ ಅಂತ ನಮ್ಮ ಹುಡುಗರು ಅದನ್ನು ಮರೆತೇ ಬಿಡುತ್ತಾರೆ.

ಮೇಲಿನ ಉತ್ತರದ ರೇ ಅಲೆನ್ ಕಥೆಯನ್ನೇ ಪೂರ್ತಿ ಹೇಳುತ್ತೇನೆ, ಮಗನಿಗೂ ಓದಿಸಿ. 1996ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವ ಕ್ರಮ) ಐದನೆಯವರಾಗಿ ಆಯ್ಕೆಯಾಗಿ, ಅವತ್ತೇ ಟ್ರೇಡ್ ಆಗಿ ಮಿಲ್ವಾಕಿ ಸೇರಿದರು. ಆಗ ಅವರನ್ನು ಬರೀ ಶೂಟರ್ ಅಂತ ಯಾರೂ ಅಂದುಕೊಂಡಿರಲಿಲ್ಲ. ಒಳಗೆ ನುಗ್ಗಿ, ಹಾರಿ ಬಾಲನ್ನು ಬ್ಯಾಸ್ಕೆಟ್‌ಗೆ ತುರುಕಿ ಡಂಕ್ ಮಾಡುತ್ತಿದ್ದರು, 1997ರ ಡಂಕ್ ಸ್ಪರ್ಧೆಗೂ ಇಳಿದಿದ್ದರು. 2003ರಲ್ಲಿ ಸಿಯಾಟಲ್‌ಗೆ ಹೋದ ಮೇಲೆ ತಂಡದ ಆಟ ಪೂರ್ತಿ ಅವರ ಸುತ್ತ. 2006-07ರಲ್ಲಿ ಪಂದ್ಯಕ್ಕೆ ಸರಾಸರಿ 26.4 ಪಾಯಿಂಟ್. ಮರುವರ್ಷ ಬಾಸ್ಟನ್‌ಗೆ ಹೋದರು, ಅದು 17.4ಕ್ಕೆ ಇಳಿಯಿತು.

ಯಾಕೆ ಇಳಿಯಿತು? ಅಲ್ಲಿ ಪಾಲ್ ಪಿಯರ್ಸ್ ಇದ್ದರು, ಕೆವಿನ್ ಗಾರ್ನೆಟ್ ಬಂದರು. ಮೂವರೂ ತಂತಮ್ಮ ತಂಡಕ್ಕೆ ದೊಡ್ಡಣ್ಣಂದಿರಾಗಿದ್ದವರು, ಬಾಲ್ ಮಾತ್ರ ಒಂದೇ ಅಲ್ವಾ. ಅಲೆನ್ ತಮ್ಮ ಆಟವನ್ನೇ ಬದಲಿಸಿಕೊಂಡರು. ಬಾಲ್ ಇಲ್ಲದೆ ಓಡುವುದೇ ಅವರ ಮುಖ್ಯ ಕೆಲಸ ಆಯಿತು. ಬೇಸ್‌ಲೈನ್ (ಬ್ಯಾಸ್ಕೆಟ್ ಹಿಂದಿನ ಗೆರೆ) ಉದ್ದಕ್ಕೂ ಓಡಿ, ಸ್ಕ್ರೀನ್ ಹಾಕಿದ, ಅಂದರೆ ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರನ ಭುಜಕ್ಕೆ ತಮ್ಮ ಭುಜ ತಾಗುವಷ್ಟು ಹತ್ತಿರದಿಂದ ತಿರುಗಿ, ಪಾಸ್ ಬರುವ ಮೊದಲೇ ಮಂಡಿ ಬಗ್ಗಿಸಿ ಕೈ ತೆರೆದಿಟ್ಟುಕೊಂಡು ಬರುತ್ತಿದ್ದರು. ಹತ್ತು ಸಲ ಹಾಗೆ ಓಡಿದರೆ ಪಾಸ್ ಸಿಗುವುದು ಎರಡೋ ಮೂರೋ ಸಲ. ಉಳಿದ ಓಟ ಸುಮ್ನೆ ಅಂತ ಅನ್ನಿಸುತ್ತದೆ, ಆದರೆ ಅವರ ಹಿಂದೆ ಡಿಫೆಂಡರ್ ಓಡಲೇಬೇಕು, ಆ ಜಾಗದಲ್ಲಿ ಪಿಯರ್ಸ್ ನುಗ್ಗುತ್ತಾರೆ. 2008ರಲ್ಲಿ ಬಾಸ್ಟನ್ ಚಾಂಪಿಯನ್ ಆಯಿತು. 26 ಪಾಯಿಂಟ್ ಹೊಡೆಯುತ್ತಿದ್ದಾಗ ಬರದ ಕಪ್, ಹನ್ನೆರಡನೇ ಸೀಸನ್‌ನಲ್ಲಿ 17 ಹೊಡೆದಾಗ ಬಂತು. ಕೊನೆಯ ಪಂದ್ಯದಲ್ಲಿ ಲೇಕರ್ಸ್ ವಿರುದ್ಧ 7 ತ್ರೀ ಹಾಕಿದರು.

ಎಲ್ಲಾ ದಿನ ಹಾಗೇ ಇರಲಿಲ್ಲ. 2010ರ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ 8 ತ್ರೀ, ಆಗ ಅದು ಫೈನಲ್ಸ್ ದಾಖಲೆ. ಮೂರನೇ ಪಂದ್ಯದಲ್ಲಿ 13 ಸಲ ಎಸೆದರು, ಒಂದೂ ಬೀಳಲಿಲ್ಲ! ಶೂಟರ್‌ಗೆ ಇಂಥ ರಾತ್ರಿ ಬಂದೇ ಬರುತ್ತದೆ. ಮಗನಿಗೆ ಈ ಎರಡು ಸಂಖ್ಯೆ ಒಟ್ಟಿಗೆ ಹೇಳಿ.

ಈಗ ನಿಮ್ಮ ಮಗನ ಜಾಗಕ್ಕೇ ಬರೋಣ. 2012ರಲ್ಲಿ ಅಲೆನ್‌ಗೆ ಪಾದದ ಗಂಟಿನ ನೋವು. ಅವರಿಲ್ಲದಾಗ ಏವರಿ ಬ್ರಾಡ್ಲಿ ಅನ್ನುವ ಎಳೆಯ ಹುಡುಗ ಮೊದಲ ಐವರಲ್ಲಿ ಆಡಿದ, ಡಿಫೆನ್ಸ್ ಜೋರಾಗಿತ್ತು. ಅಲೆನ್ ವಾಪಸ್ ಬಂದಾಗ ಬೆಂಚ್‌ನಿಂದ ಇಳಿಯಬೇಕಾಯಿತು. ಅಷ್ಟು ಹೊತ್ತಿಗೆ ಅವರು ಹತ್ತು ಸಲ ಆಲ್ ಸ್ಟಾರ್ (ಲೀಗ್‌ನ ಆಯ್ದ ತಾರೆಯರಲ್ಲಿ ಒಬ್ಬರು) ಆಗಿದ್ದವರು. ಆ ಬೇಸಿಗೆಯಲ್ಲಿ ಬಾಸ್ಟನ್ ಕೊಡುತ್ತೇನೆಂದ ಹಣಕ್ಕಿಂತ ಕಡಿಮೆಗೆ ಮಯಾಮಿ ಸೇರಿದರು, ಅಲ್ಲೂ ಬೆಂಚೇ. ಸರಾಸರಿ 10.9 ಪಾಯಿಂಟ್. ಆದರೆ ಫೈನಲ್ಸ್‌ನಲ್ಲಿ ಮೂರು ಪಾಯಿಂಟ್ ಬೇಕೇ ಬೇಕು ಅನ್ನುವ ಹೊತ್ತಿಗೆ ಕೋರ್ಟ್ ಮೇಲಿದ್ದವರಲ್ಲಿ ಅವರೂ ಒಬ್ಬರು. ಪಂದ್ಯ ಯಾರು ಶುರು ಮಾಡಿದರು ಅನ್ನುವುದಕ್ಕಿಂತ ಕೊನೆಯ ಎರಡು ನಿಮಿಷ ಯಾರು ಆಡುತ್ತಾರೆ ಅನ್ನುವುದರಲ್ಲಿ ಕೋಚ್‌ನ ನಂಬಿಕೆ ಗೊತ್ತಾಗುತ್ತದೆ. ಮುಂದಿನ ಪಂದ್ಯದಲ್ಲಿ ಅದನ್ನು ಗಮನಿಸಿ. ನಿಮ್ಮ ಮಗ ಕೊನೆಗೆ ಕೋರ್ಟ್ ಮೇಲಿದ್ದರೆ ಚಿಂತೆ ಬೇಡ. ಇಲ್ಲದಿದ್ದರೆ ಆರು ತಿಂಗಳು ಡಿಫೆನ್ಸ್ ಮೇಲೆ, ಬಾಲ್ ಇಲ್ಲದ ಓಟದ ಮೇಲೆ ಕೆಲಸ ಮಾಡಲಿ. 17ಕ್ಕೆ ಆಟ ಬಿಡುವಂಥದ್ದು ಇಲ್ಲಿ ಏನೂ ಆಗಿಲ್ಲ.

ಪ್ರಶ್ನೆ: ಎನ್‌ಬಿಎಯಲ್ಲಿ ಅತಿ ಹೆಚ್ಚು ತ್ರೀ ಹಾಕಿದ ಅಲೆನ್ ದಾಖಲೆಯನ್ನು ಸ್ಟೆಫ್ ಕರಿ ಅಷ್ಟು ಬೇಗ ಮುರಿದರಲ್ಲ, ಹಾಗಾದರೆ ಅಲೆನ್ ಅಂಥಾ ದೊಡ್ಡ ಶೂಟರ್ ಅಲ್ಲ ಅಂತಲಾ? – ಹುಬ್ಬಳ್ಳಿಯಿಂದ ಒಬ್ಬ ಓದುಗ

ಉತ್ತರ: ಅಲ್ಲ. ಅಲೆನ್ 1,300 ಪಂದ್ಯಗಳಲ್ಲಿ 2,973 ತ್ರೀ ಹಾಕಿದ್ದರು. ಕರಿ 2021ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ದಾಟಿದಾಗ ಆಡಿದ್ದು 789 ಪಂದ್ಯ. ಕರಿ ಎಲ್ಲರಿಗಿಂತ ಮೇಲಿನ ಶೂಟರ್, ನನಗೆ ಅನುಮಾನ ಇಲ್ಲ. ಆದರೆ ಆಟವೇ ಬದಲಾಗಿದೆ. 1990ರ ದಶಕದ ಕೊನೆಗೆ ಒಂದು ತಂಡ ಪಂದ್ಯಕ್ಕೆ 13ರ ಆಸುಪಾಸು ತ್ರೀ ಎಸೆಯುತ್ತಿತ್ತು, ಕರಿ ದಾಖಲೆ ಮಾಡಿದ ಸೀಸನ್‌ನಲ್ಲಿ ಅದು 35. ಅಲೆನ್ ಕೂಡ 2011ರಲ್ಲಿ ರೆಜಿ ಮಿಲ್ಲರ್ ದಾಖಲೆ ಮುರಿದವರೇ. ಕರಿ ದಾಟಿದ ದಿನ ಅಲೆನ್, ಮಿಲ್ಲರ್ ಇಬ್ಬರೂ ಅಲ್ಲೇ ಇದ್ದರು, ಇಬ್ಬರನ್ನೂ ಕರಿ ತಬ್ಬಿಕೊಂಡರು.

ಪ್ರಶ್ನೆ: ಮಗಳಿಗೆ 12 ವರ್ಷ. ಅಣ್ಣನ ಬಾಲ್ ತೆಗೆದುಕೊಂಡು ತ್ರೀ ಪಾಯಿಂಟ್ ಗೆರೆಯಿಂದಲೇ ಎಸೆಯುತ್ತೇನೆ ಅಂತ ಹಟ. ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ತೂರುತ್ತಾಳೆ. ಬಿಡಬಹುದಾ? – ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಹಟ ಇರಲಿ, ಗೆರೆ ಬೇಡ. ಅಣ್ಣನದ್ದು 7ನೇ ಸೈಜ್ ಬಾಲ್ ಇರಬೇಕು, ದೊಡ್ಡ ಹೆಂಗಸರ ಪಂದ್ಯಕ್ಕೇ 6ನೇ ಸೈಜ್ ಬಳಸುತ್ತಾರೆ. ಮೊದಲು ಅದನ್ನು ಕೊಡಿಸಿ. ನಮ್ಮಲ್ಲಿ ಆಡುವ ಅಂತಾರಾಷ್ಟ್ರೀಯ ನಿಯಮದ ಗೆರೆ 6.75 ಮೀಟರ್ ದೂರ ಇದೆ, 12ರ ತೋಳಿಗೆ ಅದು ತುಂಬಾ ಜಾಸ್ತಿ. ಬಲ ಸಾಲದೆ ಮಕ್ಕಳು ಸೊಂಟದಿಂದ ತೂರುತ್ತಾರೆ, ಅದೇ ರೂಢಿಯಾದರೆ 16ಕ್ಕೆ ತಿದ್ದುವುದು ಬಹಳ ಕಷ್ಟ. ಬ್ಯಾಸ್ಕೆಟ್‌ನಿಂದ ಎರಡು ಹೆಜ್ಜೆ ದೂರ ನಿಲ್ಲಿಸಿ. ಒಂದು ಕೈ ಬಾಲ್ ಕೆಳಗೆ, ಇನ್ನೊಂದು ಪಕ್ಕಕ್ಕೆ, ಮೊಣಕೈ ಬ್ಯಾಸ್ಕೆಟ್ ಕಡೆ, ಬಲ ಮಂಡಿಯಿಂದ ಬರಲಿ. ಆ ಜಾಗದಿಂದ ಹತ್ತಕ್ಕೆ ಏಳು ಬೀಳುವವರೆಗೆ ಅಲ್ಲೇ ಇರಲಿ, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ. ತೂರುವ ಚಾಳಿ ಮತ್ತೆ ಕಾಣಿಸಿದರೆ ಒಂದು ಹೆಜ್ಜೆ ಮುಂದಕ್ಕೆ ಕರೆಯಿರಿ.